ಕೆಲಸಗಾರರೇ ಮಾಲೀಕರಾದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

ಕೆಲಸಗಾರರೇ ಮಾಲೀಕರಾಗಿರುವ ಸಂಸ್ಥೆಗಳ ಲೆಕ್ಕ ನೋಡುವುದು ನನ್ನ ಕೆಲಸ. ಹೊಸದಾಗಿ ಶುರು ಮಾಡುವವರು ಬಂದಾಗ ಮೊದಲು ಕೇಳುವುದು ಮತದ ಬಗ್ಗೆ. ಅಧ್ಯಕ್ಷರನ್ನು ಹೇಗೆ ಆರಿಸಬೇಕು, ಎಷ್ಟು ದಿನಕ್ಕೊಮ್ಮೆ ಸಭೆ ಸೇರಬೇಕು, ಎಲ್ಲರೂ ಒಪ್ಪಲೇಬೇಕಾ ಅಥವಾ ಬಹುಮತ ಸಾಕಾ ಅಂತ. ಒಳ್ಳೆಯ ಪ್ರಶ್ನೆಗಳೇ. ಆದರೆ ನಾನು ಅವರನ್ನು ಕೇಳುವುದು ಬೇರೆ. ವರ್ಷದ ಕೊನೆಗೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಒಬ್ಬರು ಬಿಟ್ಟು ಹೋದರೆ ಅವರ ಪಾಲು ಏನಾಗುತ್ತದೆ? ಹತ್ತು ವರ್ಷ ಆದಮೇಲೆ ಕೆಲಸಕ್ಕೆ ಸೇರುವ ಹುಡುಗಿ ಸದಸ್ಯೆಯಾಗಲು ಎಷ್ಟು ದುಡ್ಡು ತರಬೇಕು? ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಶುರುವಾದ ಸಂಸ್ಥೆ, ಎಷ್ಟೇ ಚೆಂದವಾಗಿ ಸಭೆ ನಡೆಸಿದರೂ, ಒಂದು ದಿನ ಮಾಮೂಲಿ ಕಂಪನಿಯಾಗಿಬಿಡುತ್ತದೆ ಅಥವಾ ಬಾಗಿಲು ಹಾಕುತ್ತದೆ. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಮಾಮೂಲಿ ಕಂಪನಿಯಲ್ಲಿ ದುಡ್ಡು ಹಾಕಿದವರು ಕೆಲಸಗಾರರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಸಂಬಳ, ಬಡ್ಡಿ, ಕಚ್ಚಾ ಮಾಲು, ತೆರಿಗೆ ಎಲ್ಲ ಕಳೆದು ಉಳಿದದ್ದು ದುಡ್ಡು ಹಾಕಿದವರದು, ತೀರ್ಮಾನವೂ ಅವರದೇ. ಷೇರು ಜಾಸ್ತಿ ಇದ್ದರೆ ಮತವೂ ಜಾಸ್ತಿ. ಕೆಲಸಗಾರರ ಸಹಕಾರಿಯಲ್ಲಿ ಇದು ತಿರುಗಿ ನಿಲ್ಲುತ್ತದೆ. ಇಲ್ಲಿ ದುಡಿಯುವವರೇ ಬಂಡವಾಳ ತರುತ್ತಾರೆ, ಸಾಲ ತಂದರೆ ಅದಕ್ಕೆ ಬಡ್ಡಿ ಕೊಡುತ್ತಾರೆ, ಉಳಿದದ್ದು ದುಡಿದವರದು. ಎಷ್ಟೇ ವರ್ಷ ಕೆಲಸ ಮಾಡಿರಲಿ, ಎಷ್ಟೇ ದುಡ್ಡು ಹಾಕಿರಲಿ, ಒಬ್ಬರಿಗೆ ಒಂದೇ ಮತ. ಬಂಡವಾಳಶಾಹಿಗೆ ಇದು ಪರ್ಯಾಯ ಅಂತ ನಾನು ಹೇಳುವುದು ಈ ಅರ್ಥದಲ್ಲಿ. ಮಾರುಕಟ್ಟೆ ಇದ್ದೇ ಇರುತ್ತದೆ, ಪೈಪೋಟಿ ಇರುತ್ತದೆ, ನಷ್ಟವೂ ಆಗುತ್ತದೆ. ಆದರೆ ಆ ನಷ್ಟವನ್ನು ಯಾರು ಎಷ್ಟು ಹೊರಬೇಕು ಅನ್ನುವುದನ್ನು ಹೊರುವವರೇ ಕೂತು ತೀರ್ಮಾನಿಸುತ್ತಾರೆ.

ಕೆಲಸದ ಜಾಗದಲ್ಲಿ ಮಾತಾಡುವ ಹಕ್ಕು ಬೇರೆ, ಒಡೆತನ ಬೇರೆ. ಜರ್ಮನಿಯನ್ನು ನೋಡಿ. 1976ರ ಕಾನೂನಿನ ಪ್ರಕಾರ 2000ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರಿಗೆ. ದೊಡ್ಡ ಗೆಲುವು ಅದು, ನಾನು ಕಡಿಮೆ ಅನ್ನುವುದಿಲ್ಲ. ಆದರೆ ಮತ ಸಮ ಸಮ ಬಂದರೆ ಅಧ್ಯಕ್ಷರಿಗೆ ಎರಡನೇ ಮತ ಇದೆ, ಆ ಅಧ್ಯಕ್ಷರು ಸಾಮಾನ್ಯವಾಗಿ ಷೇರುದಾರರ ಕಡೆಯವರು. ಉಳಿದ ದುಡ್ಡು ಹೋಗುವುದೂ ಷೇರುದಾರರಿಗೇ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಸ್ಪೇನ್‌ನ ಬಾಸ್ಕ್ ಪ್ರಾಂತ್ಯದ ಮೊಂಡ್ರಾಗನ್ ಬಗ್ಗೆ ನೀವು ಕೇಳಿರಬಹುದು. ಅಲ್ಲಿ ಒಬ್ಬ ಪಾದ್ರಿ, ಹೋಸೆ ಮರಿಯಾ ಅರಿಸ್ಮೆಂಡಿಯರ್ರಿಯೆಟಾ, 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಆ ಶಾಲೆಯಲ್ಲಿ ಕಲಿತ ಐವರು ಯುವಕರು 1956ರಲ್ಲಿ ಉಲ್ಗೋರ್ ಅನ್ನುವ ಕಾರ್ಖಾನೆ ಶುರು ಮಾಡಿದರು. ಇವತ್ತು ಆ ಗುಂಪಿನಲ್ಲಿ ಹತ್ತಾರು ಸಹಕಾರಿಗಳಿವೆ, ಎಪ್ಪತ್ತು ಸಾವಿರ ಜನರ ಆಸುಪಾಸು ದುಡಿಯುತ್ತಾರೆ. ಎಲ್ಲರೂ ಹೇಳುವುದು ಅವರ ಸಂಬಳದ ಅನುಪಾತದ ಬಗ್ಗೆ. ಮೊದಲು ಅತಿ ಕಡಿಮೆಗೂ ಅತಿ ಹೆಚ್ಚಿಗೂ 1ಕ್ಕೆ 3ರ ಅಂತರ ಇತ್ತು, ಆಮೇಲೆ ಸುಮಾರು 1ಕ್ಕೆ 6ರವರೆಗೆ ಬೆಳೆಯಿತು. ಅಂತರ ಅಷ್ಟಕ್ಕೇ ನಿಂತದ್ದು ದೊಡ್ಡ ವಿಷಯವೇ. ಆದರೆ ಲೆಕ್ಕದವಳಾಗಿ ನನಗೆ ಅಚ್ಚರಿ ಹುಟ್ಟಿಸಿದ್ದು ಅವರ ಬಂಡವಾಳ ಖಾತೆ.

ಅದು ನಡೆಯುವುದು ಹೀಗೆ. ಸೇರುವಾಗ ಪ್ರತಿಯೊಬ್ಬರೂ ಒಂದು ಮೊತ್ತ ಹಾಕುತ್ತಾರೆ. ಕೈಯಲ್ಲಿ ಇಲ್ಲದಿದ್ದರೆ ಸಂಬಳದಿಂದ ಕಂತಿನಲ್ಲಿ ಕಟ್ಟಬಹುದು. ವರ್ಷದ ಕೊನೆಗೆ ಉಳಿದದ್ದರಲ್ಲಿ ಒಂದು ಭಾಗ ಶಿಕ್ಷಣಕ್ಕೆ ಮತ್ತು ಊರಿನ ಕೆಲಸಕ್ಕೆ ಹೋಗುತ್ತದೆ. ಒಂದು ದೊಡ್ಡ ಭಾಗ ಮೀಸಲು ನಿಧಿಗೆ ಹೋಗುತ್ತದೆ, ಅದನ್ನು ಯಾರೂ ತಮ್ಮ ತಮ್ಮಲ್ಲಿ ಹಂಚಿಕೊಳ್ಳುವ ಹಾಗಿಲ್ಲ. ಮಿಕ್ಕಿದ್ದು ಸದಸ್ಯರ ಹೆಸರಿನ ಖಾತೆಗಳಿಗೆ ಜಮೆಯಾಗುತ್ತದೆ. ಜಮೆ ಅಂದರೆ ಬರೀ ಜಮೆ, ಕೈಗೆ ನಗದು ಕೊಡುವುದಲ್ಲ. ಅದಕ್ಕೆ ಬಡ್ಡಿ ಬರುತ್ತದೆ. ಬಿಡುವಾಗ ಅಥವಾ ನಿವೃತ್ತಿಯಾದಾಗ ಅಸಲು ಸಿಗುತ್ತದೆ. ಅಲ್ಲಿಯವರೆಗೆ ಆ ದುಡ್ಡು ಯಂತ್ರವಾಗಿ, ಗೋದಾಮಾಗಿ ಸಂಸ್ಥೆಯೊಳಗೇ ದುಡಿಯುತ್ತಿರುತ್ತದೆ.

ಇದರಿಂದ ಏನಾಗುತ್ತದೆ ಗೊತ್ತಾ? ಸಂಸ್ಥೆ ಬೆಳೆದರೂ ಸೇರುವ ಬೆಲೆ ಬೆಳೆಯುವುದಿಲ್ಲ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಎಲ್ಲ ನಿಂತಿರುವುದು ಇದರ ಮೇಲೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1921ರಲ್ಲಿ ಒಲಿಂಪಿಯಾ ವೆನೀರ್ ಅನ್ನುವ ಪ್ಲೈವುಡ್ ಕಾರ್ಖಾನೆಯನ್ನು ಕೆಲಸಗಾರರೇ ಸೇರಿ ಕಟ್ಟಿದರು. ಅವರ ಒಡೆತನ ಇದ್ದದ್ದು ಮಾರಬಹುದಾದ ಷೇರಿನ ರೂಪದಲ್ಲಿ. ಕಾರ್ಖಾನೆ ಚೆನ್ನಾಗಿ ನಡೆಯಿತು, ಷೇರಿನ ಬೆಲೆ ಏರಿತು. ಏರಿದ ಬೆಲೆ ಕೊಟ್ಟು ಕೊಳ್ಳಲು ಹೊಸ ಕೆಲಸಗಾರರಿಗೆ ಎಲ್ಲಿಂದ ಆಗಬೇಕು? ಹಳಬರು ನಿವೃತ್ತರಾಗುತ್ತಾ ಹೋದರು, ಅವರ ಜಾಗಕ್ಕೆ ಬಂದವರು ಬರೀ ಸಂಬಳದವರು. ಕೊನೆಗೆ ಕೆಲವೇ ಮಾಲೀಕರು, ನೂರಾರು ಕೂಲಿಯವರು. 1950ರ ದಶಕದಲ್ಲಿ ಅದು ಒಂದು ದೊಡ್ಡ ಕಂಪನಿಗೆ ಮಾರಾಟವಾಯಿತು. ಯಾರೂ ಮೋಸ ಮಾಡಲಿಲ್ಲ. ಒಬ್ಬರಿಗೆ ಒಂದು ಮತ ಅನ್ನುವ ಮಾತನ್ನು ಯಾರೂ ಮುರಿಯಲಿಲ್ಲ. ಷೇರು ಮಾರಬಹುದು ಅನ್ನುವ ಒಂದು ನಿಯಮವೇ ಅಷ್ಟನ್ನೂ ಮಾಡಿತು.

ಹಾಗಂತ ಒಲಿಂಪಿಯಾದಂಥ ಪ್ಲೈವುಡ್ ಸಹಕಾರಿಗಳಿಂದ ಕಲಿಯಬೇಕಾದ ಒಳ್ಳೆಯದೂ ಇದೆ. ಅವುಗಳನ್ನು ಪಕ್ಕದ ಮಾಮೂಲಿ ಕಾರ್ಖಾನೆಗಳ ಜೊತೆ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಿಗೆ ಒಂದು ಸ್ಪಷ್ಟ ವ್ಯತ್ಯಾಸ ಕಂಡಿತು. ಪ್ಲೈವುಡ್ ದರ ಬಿದ್ದಾಗ ಮಾಮೂಲಿ ಕಾರ್ಖಾನೆಗಳು ಜನರನ್ನು ಕೆಲಸದಿಂದ ತೆಗೆಯುತ್ತಿದ್ದವು. ಸಹಕಾರಿಗಳು ಎಲ್ಲರ ಸಂಬಳವನ್ನು ಸ್ವಲ್ಪ ಸ್ವಲ್ಪ ಇಳಿಸಿ ಎಲ್ಲರನ್ನೂ ಉಳಿಸಿಕೊಳ್ಳುತ್ತಿದ್ದವು. ನನ್ನ ಕೆಲಸದಲ್ಲೂ ಇದನ್ನೇ ಕಂಡಿದ್ದೇನೆ. ತಮ್ಮ ಸಂಬಳ ತಾವೇ ಇಳಿಸಿಕೊಳ್ಳುವ ಸಭೆಯಲ್ಲಿ ಕೂತಿದ್ದೇನೆ. ಅಳು ಬರುವಂಥ ಸಭೆ ಅದು. ಆದರೆ ಮರುದಿನ ಅಷ್ಟೂ ಜನ ಕೆಲಸಕ್ಕೆ ಬಂದರು.

ಲೆಕ್ಕ ಅರ್ಥವಾಗದಿದ್ದರೆ ಮಾತ್ರ ಆ ಮತ ಕೈಕೊಡುತ್ತದೆ. ಒಂದು ಮುದ್ರಣಾಲಯದ ಕಥೆ ಹೇಳುತ್ತೇನೆ, ಹೆಸರು ಬೇಡ. ಇಪ್ಪತ್ತು ಚಿಲ್ಲರೆ ಸದಸ್ಯರು. ಎರಡು ವರ್ಷ ಚೆನ್ನಾಗಿ ನಡೆಯಿತು. ಎರಡೂ ವರ್ಷ ಉಳಿದದ್ದನ್ನೆಲ್ಲ ನಗದಾಗಿ ಹಂಚಿಕೊಳ್ಳೋಣ ಅಂತ ಒಕ್ಕೊರಲಿನಿಂದ ಮತ ಹಾಕಿದರು. ವರ್ಷಗಟ್ಟಲೆ ಕಡಿಮೆ ಸಂಬಳಕ್ಕೆ ದುಡಿದವರು, ಅವರ ಆಸೆ ನ್ಯಾಯವಾದದ್ದೇ ಅಲ್ವಾ? ಮೂರನೇ ವರ್ಷ ಮುಖ್ಯ ಯಂತ್ರ ಕೆಟ್ಟಿತು. ಮೀಸಲು ನಿಧಿಯಲ್ಲಿ ಏನೂ ಇರಲಿಲ್ಲ. ಸಾಲ ಮಾಡಿದರು, ಕಂತು ಕಟ್ಟಲಾಗಲಿಲ್ಲ, ಅರ್ಧ ಜನ ಬಿಟ್ಟು ಹೋದರು. ನನ್ನ ವರದಿಯಲ್ಲಿ ಸವಕಳಿ ಅಂತ ಒಂದು ಸಾಲು ಇತ್ತು. ಯಂತ್ರ ಪ್ರತಿ ವರ್ಷ ಎಷ್ಟು ಸವೆಯುತ್ತಿದೆ, ಅದನ್ನು ಬದಲಿಸಲು ಎಷ್ಟು ಎತ್ತಿಡಬೇಕು ಅನ್ನುವುದೆಲ್ಲ ಆ ಒಂದು ಸಾಲಿನಲ್ಲಿತ್ತು. ಅದನ್ನು ಬರೆದೆ, ಬಿಡಿಸಿ ಹೇಳಲಿಲ್ಲ. ಆ ತಪ್ಪು ನನ್ನದು, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಇದೇ ತೊಡಕು ಒಂದು ಇಡೀ ದೇಶದ ಮಟ್ಟದಲ್ಲೂ ಬಂದಿತ್ತು. ಯುಗೊಸ್ಲಾವಿಯಾದಲ್ಲಿ 1950ರ ಕಾನೂನು ಕಾರ್ಖಾನೆಗಳ ಆಡಳಿತವನ್ನು ಕೆಲಸಗಾರರ ಮಂಡಳಿಗಳಿಗೆ ಕೊಟ್ಟಿತು. ಮತ ಸಿಕ್ಕಿತು, ಆದರೆ ಒಡೆತನ ಇಡೀ ಸಮಾಜದ್ದು, ಯಾರ ಹೆಸರಿನಲ್ಲೂ ಖಾತೆ ಇರಲಿಲ್ಲ. ಕಾರ್ಖಾನೆಗೆ ಹಾಕಿದ ದುಡ್ಡು ಬಿಟ್ಟು ಹೋಗುವಾಗ ವಾಪಸ್ ಬರುವುದಿಲ್ಲ ಅಂದಮೇಲೆ ಅದನ್ನು ಈಗಲೇ ಸಂಬಳವಾಗಿ ತೆಗೆದುಕೊಳ್ಳೋಣ ಅನ್ನಿಸುವುದು ಸಹಜ. ಆಳುವ ಕಮ್ಯುನಿಸ್ಟ್ ಪಕ್ಷದ ಕೈ ಮೇಲಿತ್ತು ಅನ್ನುವುದು ಇನ್ನೊಂದು ದೊಡ್ಡ ಕಥೆ, ಅದು ಬೇರೆ ಲೇಖನಕ್ಕೆ ಆಗುವಷ್ಟಿದೆ.

ಇನ್ನು ಬ್ಯಾಂಕು. ಸಾಲ ಕೇಳಲು ಹೋದರೆ ಅಲ್ಲಿ ಕೂತವರು ಮೊದಲು ಕೇಳುವುದು ‘ಮಾಲೀಕರು ಯಾರು?’ ಅಂತ. ನಾವೆಲ್ಲರೂ ಅಂದರೆ, ‘ಸರಿ, ಜಾಮೀನಿಗೆ ಸಹಿ ಹಾಕುವವರು ಯಾರು?’ ಅಂತ. ಇಲ್ಲಿ ಬಹಳ ಜನ ಸೋಲುತ್ತಾರೆ. ಹೊರಗಿನ ಹೂಡಿಕೆದಾರರಿಗೆ ಮತ ಕೊಡುವ ಹಾಗಿಲ್ಲ, ಹಾಗಾಗಿ ಅವರೂ ಬರುವುದಿಲ್ಲ. ಮೊಂಡ್ರಾಗನ್ನಿನವರು 1959ರಲ್ಲೇ ಕಾಹಾ ಲಬೊರಾಲ್ ಅನ್ನುವ ತಮ್ಮದೇ ಬ್ಯಾಂಕು ಕಟ್ಟಿದರು. ಜನರ ಉಳಿತಾಯ ತಂದು ಹೊಸ ಸಹಕಾರಿಗಳಿಗೆ ಸಾಲ ಕೊಟ್ಟರು, ಸಲಹೆಯನ್ನೂ ಕೊಟ್ಟರು. ಆ ಬ್ಯಾಂಕು ಇರದಿದ್ದರೆ ಉಳಿದ ಯಾವುದೂ ಇಷ್ಟು ಬೆಳೆಯುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಟಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1985ರಲ್ಲಿ ಮಾರ್ಕೊರಾ ಕಾನೂನು ಬಂತು. ಮುಚ್ಚಿಹೋಗುವ ಕಾರ್ಖಾನೆಯ ಕೆಲಸಗಾರರು ತಮಗೆ ಬರಬೇಕಾದ ನಿರುದ್ಯೋಗ ಭತ್ಯೆಯನ್ನು ಒಂದೇ ಗಂಟಿನಲ್ಲಿ ಪಡೆದು, ಅದನ್ನೇ ಬಂಡವಾಳವಾಗಿ ಹಾಕಿ ಕಾರ್ಖಾನೆಯನ್ನು ತಾವೇ ಕೊಳ್ಳಬಹುದು. ಮನೆಯಲ್ಲಿ ಕೂತು ತಿಂಗಳು ತಿಂಗಳು ಕರಗಿಸುವ ದುಡ್ಡಿನಿಂದ ಒಂದು ಕಾರ್ಖಾನೆ ಉಳಿಯುತ್ತದೆ. ಇಂಥ ಕಾನೂನು ಎಲ್ಲ ಕಡೆ ಬರಬೇಕು.

ಕಾನೂನು ಇಲ್ಲದ ಕಡೆ ಜನ ಕಾದಿದ್ದಾರೆ. ಅರ್ಜೆಂಟೀನಾದಲ್ಲಿ 2001ರ ಆರ್ಥಿಕ ಕುಸಿತದ ಹೊತ್ತಿಗೆ ನೆವುಕೆನ್ ಪ್ರಾಂತ್ಯದ ಜನೋನ್ ಟೈಲ್ಸ್ ಕಾರ್ಖಾನೆಯ ಕೆಲಸಗಾರರು ಮಾಲೀಕರು ಮುಚ್ಚಿದ ಕಾರ್ಖಾನೆಯನ್ನು ತಾವೇ ನಡೆಸತೊಡಗಿದರು. ಅದಕ್ಕೆ ‘ಮಾಲೀಕರಿಲ್ಲದ ಕಾರ್ಖಾನೆ’ ಅಂತ ಅರ್ಥ ಬರುವ ಫಾಸಿನ್‌ಪಾಟ್ ಅನ್ನುವ ಹೆಸರಿಟ್ಟರು. ಕಾರ್ಖಾನೆಯನ್ನು ವಶಪಡಿಸಿಕೊಂಡು ಅವರಿಗೆ ಕೊಡುವ ಮಸೂದೆಯನ್ನು ಪ್ರಾಂತ್ಯದ ಶಾಸನಸಭೆ ಒಪ್ಪಿದ್ದು 2009ರಲ್ಲಿ. ಎಂಟು ವರ್ಷ, ಯಾವ ಗಳಿಗೆಯಲ್ಲಿ ಪೊಲೀಸರು ಬಂದು ಹೊರಹಾಕುತ್ತಾರೋ ಅನ್ನುವ ಭಯದ ನಡುವೆ ಒಲೆ ಆರದಂತೆ ನೋಡಿಕೊಂಡರು.

ಮೊಂಡ್ರಾಗನ್ನನ್ನು ಇಷ್ಟು ಹೊಗಳಿದ ಮೇಲೆ ಅದರ ಗಾಯವನ್ನೂ ಹೇಳಲೇಬೇಕು. ಆ ಮೊದಲ ಉಲ್ಗೋರ್ ಮುಂದೆ ಫಾಗೋರ್ ಆಯಿತು. ಅಡುಗೆಮನೆಯ ಉಪಕರಣ ಮಾಡುವ ದೊಡ್ಡ ಕಂಪನಿ. 2008ರ ನಂತರ ಸ್ಪೇನ್‌ನಲ್ಲಿ ಮನೆ ಕಟ್ಟುವುದು ನಿಂತಿತು, ಫ್ರಿಜ್ಜು, ವಾಷಿಂಗ್ ಮಷೀನು ಕೊಳ್ಳುವವರೂ ಕಡಿಮೆಯಾದರು. 2013ರಲ್ಲಿ ಫಾಗೋರ್ ದಿವಾಳಿಯಾಯಿತು. ಬಾಸ್ಕ್ ಸದಸ್ಯರಲ್ಲಿ ಬಹಳ ಜನರಿಗೆ ಗುಂಪಿನ ಬೇರೆ ಸಹಕಾರಿಗಳಲ್ಲಿ ಕೆಲಸ ಸಿಕ್ಕಿತು. ಅದು ಒಗ್ಗಟ್ಟಿನ ಶಕ್ತಿ. ಆದರೆ ಸಂಸ್ಥೆಯಲ್ಲಿ ಕೂಡಿಟ್ಟ ದುಡ್ಡು ಕಳೆದುಕೊಂಡ ಸದಸ್ಯರಿದ್ದಾರೆ. ಪೋಲೆಂಡ್ ಮತ್ತು ಫ್ರಾನ್ಸಿನಲ್ಲಿ ಫಾಗೋರ್ ಕೊಂಡಿದ್ದ ಕಾರ್ಖಾನೆಗಳ ಕೆಲಸಗಾರರ ಕಥೆ ಇನ್ನೂ ಬೇರೆ. ಅವರು ಸದಸ್ಯರೇ ಆಗಿರಲಿಲ್ಲ. ಒಂದೇ ಹೆಸರಿನ ಫ್ರಿಜ್ಜು ಮಾಡುತ್ತಿದ್ದವರಲ್ಲಿ ಕೆಲವರಿಗೆ ಮತ ಇತ್ತು, ಕೆಲವರಿಗೆ ಇರಲಿಲ್ಲ. ಒಲಿಂಪಿಯಾದಲ್ಲಿ ಆದದ್ದೇ ಇಲ್ಲಿ ಗಡಿ ದಾಟಿ ಆಯಿತು.

ಅದಕ್ಕೇ ಈಗ ಯಾರು ಬಂದರೂ ಬೈಲಾದಲ್ಲಿ ಒಂದು ಮಾತು ಸೇರಿಸಿ ಅಂತ ಹಟ ಹಿಡಿಯುತ್ತೇನೆ. ಒಂದು ವರ್ಷ ಕೆಲಸ ಮಾಡಿದ ಯಾರಿಗೇ ಆಗಲಿ ಸದಸ್ಯತ್ವ ಕೊಡಲೇಬೇಕು, ಕೊಡದಿದ್ದರೆ ಕಾರಣವನ್ನು ಸಭೆಯ ಮುಂದೆ ಬರೆದು ಇಡಬೇಕು. ಆರು ತಿಂಗಳ ಗುತ್ತಿಗೆ ಅಂತ ತಂದು ಐದು ವರ್ಷ ಹಾಗೇ ಇಟ್ಟುಕೊಳ್ಳುವ ದಾರಿ ಇದರಿಂದ ಮುಚ್ಚುತ್ತದೆ. ಮೀಸಲು ನಿಧಿಗೆ ಕನಿಷ್ಠ ಎಷ್ಟು ಹೋಗಬೇಕು ಅನ್ನುವುದನ್ನು ಒಳ್ಳೆಯ ವರ್ಷದಲ್ಲಿ ಮತಕ್ಕೆ ಹಾಕಬೇಡಿ, ಶುರುವಿನಲ್ಲೇ ಬರೆದುಬಿಡಿ.

ಮತ್ತೆ, ತಿಂಗಳ ಲೆಕ್ಕವನ್ನು ಈಗ ನಾನು ಓದುವುದಿಲ್ಲ. ಸದಸ್ಯರೇ ಸರದಿಯಂತೆ ಓದುತ್ತಾರೆ. ಮೊದಲ ಕೆಲವು ತಿಂಗಳು ತುಂಬಾ ನಿಧಾನ. ಎರಡು ಗಂಟೆ ಹಿಡಿಯುತ್ತದೆ, ಮೂರು ಪುಟ ಮುಗಿಯುವುದಿಲ್ಲ. ಕಳೆದ ಸಭೆಯಲ್ಲಿ ಪ್ಯಾಕಿಂಗ್ ವಿಭಾಗದ ಒಬ್ಬ ಸದಸ್ಯೆ ಓದುತ್ತಾ ಓದುತ್ತಾ ಸವಕಳಿಯ ಸಾಲಿಗೆ ಬಂದು ನಿಲ್ಲಿಸಿದರು. ‘ಈ ದುಡ್ಡು ಖರ್ಚಾಗಿದೆ ಅಂತ ಬರೆದಿದೆ, ಆದರೆ ಯಾರಿಗೂ ಕೊಟ್ಟಿಲ್ಲವಲ್ಲ, ಹಾಗಾದರೆ ಎಲ್ಲಿದೆ?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಂತ್ರದ ಹತ್ತಿರ ಕೆಲಸ ಮಾಡುವ ಹುಡುಗ ಎದ್ದು ನಿಂತು, ಬೇರಿಂಗು ಹೇಗೆ ಸವೆಯುತ್ತದೆ ಅನ್ನುವುದರಿಂದ ಶುರು ಮಾಡಿ ಅವರಿಗೆ ಬಿಡಿಸಿ ಹೇಳತೊಡಗಿದ.