ಜನನಾಂಗ ಛೇದನ ತಡೆ: ಕಾಯ್ದೆ ಎಲ್ಲಿಯವರೆಗೆ, ಊರು ಎಲ್ಲಿಂದ?

ಕೊಪ್ಪಳ, ರಾಯಚೂರು ಕಡೆಯ ನಮಗೆ ಈ ಪಾಠ ಮುತ್ತು ಕಟ್ಟುವ, ಅಂದರೆ ಹೆಣ್ಣುಮಗಳನ್ನು ದೇವದಾಸಿಯಾಗಿ ದೇವರಿಗೆ ಒಪ್ಪಿಸುವ ಪದ್ಧತಿಯಿಂದ ಶುರುಮಾಡಿದರೆ ಬೇಗ ತಿಳಿಯುತ್ತದೆ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು, ಜಾರಿಯಾದದ್ದು 1984ರಲ್ಲಿ. ಮುತ್ತು ಕಟ್ಟಿಸಿದವರು ಹೆತ್ತವರೇ ಆದರೆ ಶಿಕ್ಷೆ ಹೆಚ್ಚು: 2ರಿಂದ 5 ವರ್ಷ ಜೈಲು. ಆಮೇಲೇನಾಯಿತು? ಗುಡಿ ಮುಂದೆ ನಡೆಯುತ್ತಿದ್ದದ್ದು ಕದ್ದುಮುಚ್ಚಿ ಮನೆಯೊಳಗೆ ನಡೆಯತೊಡಗಿತು.

ಜನನಾಂಗ ಛೇದನದ ಕಥೆಯೂ ಹೀಗೆಯೇ. ವೈದ್ಯಕೀಯ ಕಾರಣವೇ ಇಲ್ಲದೆ ಹೆಣ್ಣುಮಗುವಿನ ಜನನಾಂಗದ ಹೊರಭಾಗವನ್ನು ಕತ್ತರಿಸುವ ಈ ಪದ್ಧತಿಗೆ ಒಳಗಾದವರು ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು ಎಂದು 2024ರಲ್ಲಿ ಯುನಿಸೆಫ್ ಅಂದಾಜಿಸಿತು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ಇದನ್ನು 1996ರಲ್ಲೇ ನಿಷೇಧಿಸಿತು. ಕೆಲವರು ಮಕ್ಕಳನ್ನು ಗಡಿ ದಾಟಿಸಿ, ನಿಷೇಧವಿಲ್ಲದ ಮಾಲಿಗೆ ಕರೆದೊಯ್ದರು.

ತಾಯಿಯೇ ಮಗಳನ್ನು ಇದಕ್ಕೆ ಒಪ್ಪಿಸುವುದೇಕೆ? ಪ್ರೀತಿ ಇಲ್ಲದೆ ಅಲ್ಲ. ಮಗಳಿಗೆ ಗಂಡು ಸಿಗಲಿಕ್ಕಿಲ್ಲ, ನಾಲ್ಕು ಮಂದಿ ಎದುರು ತಲೆ ಎತ್ತುವಂತಿಲ್ಲ ಎಂಬ ಭಯ. ಈ ಭಯವನ್ನು ಒಂದು ಮನೆ ಒಂಟಿಯಾಗಿ ಗೆಲ್ಲಲಾರದು.

ಇಲ್ಲೇ ಸೆನೆಗಲ್ ಉದಾಹರಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತೊಸ್ತಾನ್ ಸಂಸ್ಥೆಯ ತರಗತಿಗಳಲ್ಲಿ ಆರೋಗ್ಯ, ಹಕ್ಕುಗಳ ಬಗ್ಗೆ ಕಲಿತ ಮಲಿಕೌಂಡಾ ಬಂಬಾರಾ ಊರಿನ ಹೆಂಗಸರು 1997ರ ಜುಲೈನಲ್ಲಿ ಛೇದನ ಬಿಟ್ಟೆವೆಂದು ಬಹಿರಂಗವಾಗಿ ಸಾರಿದರು. ಆಗ ಕೆರ್ ಸಿಂಬಾರಾ ಊರಿನ ಇಮಾಮ್ ದೆಂಬಾ ದಿಯಾವರಾ ಹೇಳಿದ್ದು ಇಡೀ ಪಾಠದ ತಿರುಳು: ಹೆಣ್ಣು ಕೊಡುವುದು, ತರುವುದು ಬೇರೆ ಊರುಗಳ ಜೊತೆ, ಬೀಗರೂ ಒಪ್ಪದೆ ನಮ್ಮೂರೊಂದೇ ಬಿಟ್ಟರೆ ನಡೆಯದು. ಅವರು ಊರಿಂದೂರಿಗೆ ನಡೆದು ನೆಂಟರಿಷ್ಟರ ಬಳಿ ಮಾತಾಡಿದರು. ಯಾರನ್ನೂ ಹಳಿಯಲಿಲ್ಲ. 1998ರ ಫೆಬ್ರುವರಿಯಲ್ಲಿ ದಿಯಾಬೂಗುನಲ್ಲಿ 13 ಊರುಗಳು ಒಟ್ಟಾಗಿ ಘೋಷಿಸಿದವು. ಸೆನೆಗಲ್ ಕಾಯ್ದೆ ಬಂದದ್ದು ಅದಾದ ಮೇಲೆ, 1999ರಲ್ಲಿ. ಈ ಕ್ರಮ ನನಗೆ ತುಂಬ ಮುಖ್ಯವೆನಿಸುತ್ತದೆ.

ಹಾಗೆಂದು ಕಾಯ್ದೆಯನ್ನು ಹಗುರವಾಗಿ ಕಾಣಬೇಡಿ. ಗ್ಯಾಂಬಿಯಾದಲ್ಲಿ 2015ರ ನಿಷೇಧವನ್ನೇ ರದ್ದುಮಾಡುವ ಮಸೂದೆ ಬಂತು. 2024ರ ಜುಲೈನಲ್ಲಿ ಸಂಸತ್ತು ಅದನ್ನು ತಿರಸ್ಕರಿಸಿತು. ಕಾಯ್ದೆ ಇರುವ ಕಡೆ, ಬೇಡವೆನ್ನುವ ತಾಯಿಗೆ ಅತ್ತೆಮನೆಯವರೆದುರು ಆಡಲು ಒಂದು ಮಾತಾದರೂ ಸಿಗುತ್ತದೆ. ನಮ್ಮ 1982ರ ಕಾಯ್ದೆಯಲ್ಲೂ ಶಿಕ್ಷೆಯಷ್ಟೇ ಇಲ್ಲ; ಸಮರ್ಪಿತಳಾದವಳು ಮದುವೆಯಾದರೆ ಅದು ಸಿಂಧು ಎಂದೂ ಇದೆ. ಪರೀಕ್ಷೆಯಲ್ಲಿ ಇದನ್ನು ಬಿಡಬೇಡಿ.

ಭಾರತದಲ್ಲಿ ದಾವೂದಿ ಬೋಹ್ರಾ ಎಂಬ ಮುಸ್ಲಿಂ ಸಮುದಾಯದಲ್ಲಿ ಈ ಛೇದನವನ್ನು ಖತ್ನಾ ಎನ್ನುತ್ತಾರೆ. ಪ್ರತ್ಯೇಕ ಕಾಯ್ದೆ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋಯಿತು, 2018ರಲ್ಲಿ ಅದನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ನಿಲ್ಲಿಸಿ ಎಂದು ಮೊದಲು ದನಿ ಎತ್ತಿದವರಲ್ಲಿ ಆ ಸಮುದಾಯದ ಹೆಣ್ಣುಮಕ್ಕಳೇ ಇದ್ದಾರೆ.