ತೋಟದ ಗೊಬ್ಬರ ಕಾಣೆಯಾಗುತ್ತಿದೆ, ಒಬ್ಬರ ಮೇಲೆ ಅನುಮಾನ: ಕೇಳೋದು ಹೇಗೆ?

ಪ್ರಶ್ನೆ: ನಾವು ಇಪ್ಪತ್ತು ಜನ ಸೇರಿ ಒಂದು ಸಾಮೂಹಿಕ ತೋಟ ನಡೆಸುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತಿ. ಗೊಬ್ಬರ, ಬೀಜ, ಸಲಕರಣೆ ಎಲ್ಲವನ್ನೂ ಚಂದಾ ಹಣದಲ್ಲಿ ತಂದು ಶೆಡ್ಡಿನಲ್ಲಿ ಇಡುತ್ತೇವೆ. ಈಚೆಗೆ ಗೊಬ್ಬರದ ಚೀಲಗಳು ತುಂಬಾ ಬೇಗ ಖಾಲಿಯಾಗುತ್ತಿವೆ. ಗಿಡ ಕತ್ತರಿಸುವ ಕತ್ತರಿಯೂ ಕಾಣಿಸುತ್ತಿಲ್ಲ. ನನಗೆ ಒಬ್ಬ ಸದಸ್ಯರ ಮೇಲೆ ಅನುಮಾನ. ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾರೆ. ಒಂದು ಸಲ ಚೀಲವನ್ನು ತಮ್ಮ ಗಾಡಿಗೆ ಹಾಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಅವರ ಮನೆಯಲ್ಲೂ ದೊಡ್ಡ ಕೈತೋಟ ಇದೆ. ಗ್ರೂಪಿನಲ್ಲಿ ಹಾಕಿಬಿಡಲಾ, ಸುಮ್ನೆ ಇದ್ದುಬಿಡಲಾ?

ಉತ್ತರ: ಗ್ರೂಪಿನಲ್ಲಿ ಹಾಕಬೇಡಿ. ಅವರನ್ನೇ ನೇರವಾಗಿ ಕೇಳಿ. ಆದರೆ ಇವತ್ತೇ ಬೇಡ, ಮೊದಲು ಒಂದೆರಡು ವಾರ ಲೆಕ್ಕ ನೋಡಿ. ಕೂಡಿ ತೋಟ ಮಾಡುವವರು ಆಗಾಗ ಕೇಳುವ ಪ್ರಶ್ನೆ ಇದು. ಇಂಥ ಜಗಳಗಳ ಬುಡ ಅಗೆದು ನೋಡಿದರೆ ಹೆಚ್ಚಾಗಿ ಸಿಗುವುದು ಒಂದೇ: ಶೆಡ್ಡಿನಲ್ಲಿ ಏನೇನಿತ್ತು, ಎಷ್ಟೆಷ್ಟಿತ್ತು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಇದ್ದದ್ದು ಎಷ್ಟು ಅಂತ ಗೊತ್ತಿಲ್ಲದಿದ್ದರೆ ಹೋದದ್ದು ಎಷ್ಟು ಅಂತ ಹೇಳೋದು ಹೇಗೆ?

ನೀವು ಬರೆದ ಸಂಗತಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಚೀಲಗಳು ಖಾಲಿಯಾಗಿರುವುದು ಕಣ್ಣಿಗೆ ಕಂಡದ್ದು. ಕತ್ತರಿ ಇಲ್ಲದಿರುವುದೂ ಕಂಡದ್ದು. ಒಂದು ಚೀಲ ಗಾಡಿಗೆ ಹೋದದ್ದನ್ನು ನೋಡಿದ್ದೀರಿ, ಆದರೆ ಆ ಚೀಲ ಯಾರದ್ದು ಅಂತ ನಿಮಗೆ ಗೊತ್ತಿಲ್ಲ. ಉಳಿದ ಎರಡು ಮಾತು ಸಾಕ್ಷಿಯೇ ಅಲ್ಲ. ಯಾರೂ ಇಲ್ಲದ ಹೊತ್ತಿಗೆ ಬರುವವರು ಎಲ್ಲ ತೋಟದಲ್ಲೂ ಇರುತ್ತಾರೆ. ಕೆಲವರು ಗಿಡಗಳ ಜೊತೆ ಒಬ್ಬರೇ ಇರೋಣ ಅಂತಲೇ ಬರೋದು. ಇನ್ನು ಮನೆಯಲ್ಲಿ ದೊಡ್ಡ ಕೈತೋಟ ಇರುವವರು ತಮ್ಮ ಸ್ವಂತ ಗೊಬ್ಬರದ ಚೀಲವನ್ನು ಗಾಡಿಯಲ್ಲಿಟ್ಟುಕೊಂಡು ಓಡಾಡುವುದರಲ್ಲಿ ವಿಶೇಷ ಏನಿದೆ?

ಮನಸ್ಸು ಒಂದು ಸಲ ಒಬ್ಬರನ್ನು ಹಿಡಿದುಕೊಂಡರೆ ಮುಂದೆ ಕಂಡದ್ದೆಲ್ಲ ಅದಕ್ಕೇ ಹೊಂದಿಕೊಳ್ಳುತ್ತದೆ. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಇದನ್ನು ಒಂದು ಸಣ್ಣ ಆಟದಿಂದ ತೋರಿಸಿದರು. 2, 4, 6 ಎಂಬ ಮೂರು ಅಂಕಿಗಳನ್ನು ಕೊಟ್ಟು, ಇದರ ಹಿಂದೆ ಒಂದು ನಿಯಮವಿದೆ, ಬೇರೆ ಅಂಕಿಗಳನ್ನು ಹೇಳುತ್ತಾ ಅದನ್ನು ಕಂಡುಹಿಡಿಯಿರಿ ಅಂದರು. ಎರಡೆರಡು ಹೆಚ್ಚುತ್ತಾ ಹೋಗುವುದೇ ನಿಯಮ ಅಂತ ಊಹಿಸಿದವರು 8, 10, 12 ಅಂತ ತಮ್ಮ ಊಹೆಗೆ ಒಪ್ಪುವ ಅಂಕಿಗಳನ್ನೇ ಹೇಳುತ್ತಾ ಹೋದರು. ಪ್ರತಿ ಸಲವೂ ‘ಸರಿ’ ಅಂತ ಉತ್ತರ ಬರುತ್ತಿತ್ತು. ನಿಜವಾದ ನಿಯಮ ಬರೀ ‘ಏರುತ್ತಾ ಹೋಗುವ ಅಂಕಿಗಳು’ ಅಷ್ಟೇ. 1, 2, 50 ಅಂತ ಒಮ್ಮೆ ಕೇಳಿದ್ದರೆ ತಮ್ಮ ಊಹೆ ತಪ್ಪು ಅಂತ ಆಗಲೇ ತಿಳಿಯುತ್ತಿತ್ತು. ನೀವೂ ಒಮ್ಮೆ ಆ ಥರ ಕೇಳಿಕೊಳ್ಳಿ. ಅವರು ಬಾರದ ವಾರದಲ್ಲೂ ಗೊಬ್ಬರ ಇಷ್ಟೇ ಬೇಗ ಮುಗಿಯುತ್ತದಾ?

ಗೊಬ್ಬರದ ಲೆಕ್ಕ ಮಾತ್ರ ಎಲ್ಲರಿಗೂ ಮೋಸ ಮಾಡುತ್ತದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ಒಂದು ಪಾತಿ ತೆಗೆದುಕೊಳ್ಳಿ. ಅದರ ಮೇಲೆ ಬರೀ 2.5 ಸೆಂಟಿಮೀಟರ್ ದಪ್ಪ ಗೊಬ್ಬರ ಹರಡಿದರೂ 72 ಲೀಟರ್ ಬೇಕು. ಇಪ್ಪತ್ತು ಪಾತಿಗೆ 1,440 ಲೀಟರ್ ಆಯಿತು. 40 ಲೀಟರಿನ ಚೀಲವಾದರೆ 36 ಚೀಲ! ನಾಟಿ ಮಾಡುವ ಹೊತ್ತಲ್ಲಿ ಎಲ್ಲರೂ ಒಂದೇ ವಾರ ಕೆಲಸಕ್ಕಿಳಿದರೆ ತುಂಬಿದ ಶೆಡ್ಡು ಎರಡು ಮೂರು ದಿನದಲ್ಲಿ ಬರಿದಾಗುತ್ತದೆ. ಕಳ್ಳತನವೇ ಬೇಕಿಲ್ಲ. ಒಬ್ಬರು ಒಂದು ಇಂಚು ಹಾಕುವ ಕಡೆ ಪಕ್ಕದವರು ಎರಡು ಇಂಚು ಹಾಕಿದರೆ ಅಲ್ಲಿಗೇ ದುಪ್ಪಟ್ಟು.

ತೋಟದಲ್ಲೇ ಕಾಂಪೋಸ್ಟ್ ರಾಶಿ ಹಾಕುತ್ತೀರಾದರೆ ಇನ್ನೂ ಒಂದು ವಿಷಯ. ಎದೆಮಟ್ಟ ಒಟ್ಟಿದ ರಾಶಿ ಕೊಳೆತು ಗೊಬ್ಬರವಾಗುವ ಹೊತ್ತಿಗೆ ಅರ್ಧಕ್ಕೋ, ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಸೂಕ್ಷ್ಮಜೀವಿಗಳು ಕಸದಲ್ಲಿರುವ ಇಂಗಾಲವನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ, ನೀರು ಆವಿಯಾಗುತ್ತದೆ, ಉಳಿದದ್ದು ಕುಗ್ಗಿ ಕೂರುತ್ತದೆ. ತಿಂಗಳ ಹಿಂದೆ ನೋಡಿ ಹೋದವರಿಗೆ ಯಾರೋ ತುಂಬಿಕೊಂಡು ಹೋದ ಹಾಗೆಯೇ ಕಾಣುತ್ತದೆ.

ಕತ್ತರಿಯನ್ನು ಆ ರಾಶಿಯಲ್ಲೇ ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ಕತ್ತರಿಸಿದ ರೆಂಬೆ, ಕಿತ್ತ ಕಳೆ ಎಲ್ಲವನ್ನೂ ಬಾಚಿ ತಳ್ಳುಗಾಡಿಗೆ ಹಾಕುವಾಗ ನೆಲದ ಮೇಲಿಟ್ಟ ಸಣ್ಣ ಸಲಕರಣೆಯೂ ಅದರ ಜೊತೆ ಹೋಗಿಬಿಡುತ್ತದೆ. ಹಸಿರು ಹಿಡಿಯ ಕತ್ತರಿ ಎಲೆಗಳ ನಡುವೆ ಕಾಣಿಸುವುದೂ ಇಲ್ಲ. ಹಳಬರು ಹಿಡಿಗೆ ಕೆಂಪು ಟೇಪು ಸುತ್ತುವುದು ಇದೇ ಕಾರಣಕ್ಕೆ. ಬೀಜದ ಪೊಟ್ಟಣ ಕಾಣೆಯಾದರೆ ಇಲಿಗಳನ್ನೂ ಒಂದು ಸಲ ಅನುಮಾನಿಸಿ. ಗಂಟು ಕಟ್ಟಿದ ರಸಗೊಬ್ಬರ, ಹಳೆಯ ಈರುಳ್ಳಿ ಬೀಜ ಇಂಥವನ್ನು ಯಾರಾದರೂ ಕೆಟ್ಟಿದೆ ಅಂತ ಬಿಸಾಡಿರಲೂಬಹುದು.

ಇಷ್ಟೆಲ್ಲ ಕಳೆದ ಮೇಲೂ ಲೆಕ್ಕ ಕೂಡದಿದ್ದರೆ? ಹಾಗೂ ಆಗುತ್ತದೆ. ಜನ ಒಯ್ಯುವುದೂ ಉಂಟು. ಆಗ ಮೊದಲು ನಿಮ್ಮ ತೋಟದ ನಿಯಮ ತೆಗೆದು ನೋಡಿ. ಶೆಡ್ಡಿನ ಗೊಬ್ಬರ ಮನೆಗೆ ಒಯ್ಯಬಾರದು ಅಂತ ಎಲ್ಲಾದರೂ ಬರೆದಿದೆಯಾ? ಹೊಸಬರಿಗೆ ಯಾರಾದರೂ ಹೇಳಿದ್ದಾರಾ? ‘ಬೇಕಾದಷ್ಟು ತಗೊಳ್ಳಿ’ ಅಂತ ಒಂದು ದಿನ ಯಾರೋ ಬಾಯಿಮಾತಿಗೆ ಅಂದಿರುತ್ತಾರೆ. ಕೇಳಿದವರು ಅದನ್ನೇ ನಿಯಮ ಅಂದುಕೊಂಡಿರುತ್ತಾರೆ. ಇನ್ನೊಂದು ಬಗೆಯವರೂ ಇದ್ದಾರೆ. ರಾಶಿ ಮಗುಚುವುದು, ನೀರು ಹಾಕುವುದು, ಗೇಟು ರಿಪೇರಿ ಮಾಡುವುದು ಎಲ್ಲವೂ ಅವರದೇ. ಬೇರೆಯವರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಂಥವರಿಗೆ ಎರಡು ಬುಟ್ಟಿ ಗೊಬ್ಬರ ತಮ್ಮ ದುಡಿಮೆಯ ಪಾಲು ಅನಿಸಿದರೆ ಆಶ್ಚರ್ಯವಿಲ್ಲ. ಕೇಳದೆ ಒಯ್ದದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ದೂರಿನಲ್ಲಿ ಹುರುಳಿರುತ್ತದೆ, ಅದನ್ನು ಕೇಳಿಸಿಕೊಳ್ಳದೆ ಕಳ್ಳ ಅಂದುಬಿಟ್ಟರೆ ತೋಟ ಅತಿ ಹೆಚ್ಚು ದುಡಿಯುವ ಕೈಯನ್ನೇ ಕಳೆದುಕೊಳ್ಳುತ್ತದೆ.

ಎಲ್ಲರಿಗೂ ಸೇರಿದ ಆಸ್ತಿಯನ್ನು ಜನ ಹೇಗೆ ಕಾಯ್ದುಕೊಳ್ಳುತ್ತಾರೆ ಅನ್ನುವುದನ್ನೇ ಎಲಿನಾರ್ ಆಸ್ಟ್ರಮ್ ಜೀವನವಿಡೀ ಅಧ್ಯಯನ ಮಾಡಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಮೀನುಗಾರಿಕೆ, ಕಾಡು, ಹುಲ್ಲುಗಾವಲು, ನೀರಿನ ಕಾಲುವೆ ಹೀಗೆ ಬಹುಕಾಲ ಬಾಳಿದ ಕೂಡುವ್ಯವಸ್ಥೆಗಳಲ್ಲಿ ಅವರು ಕಂಡದ್ದೇನೆಂದರೆ, ನಿಯಮವನ್ನು ಬಳಸುವವರೇ ಮಾಡಿಕೊಂಡಿರುತ್ತಾರೆ, ಬಳಸುವವರೇ ಒಬ್ಬರನ್ನೊಬ್ಬರು ಗಮನಿಸುತ್ತಾರೆ, ಮೊದಲ ತಪ್ಪಿಗೆ ಶಿಕ್ಷೆ ತೀರಾ ಸಣ್ಣದಿರುತ್ತದೆ. ಅವರು ಉದಾಹರಿಸುವ ಟೋರ್ಬೆಲ್ ಎಂಬ ಸ್ವಿಸ್ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ನಿಯಮ ಇತ್ತು. ಚಳಿಗಾಲದಲ್ಲಿ ಒಬ್ಬ ತನ್ನ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಯಲ್ಲಿ ಊರಿನ ಬೆಟ್ಟದ ಹುಲ್ಲಿಗೆ ಬಿಡಬಹುದು. ನನಗೆ ಈ ನಿಯಮ ಬಹಳ ಇಷ್ಟ. ಯಾರ ಒಳ್ಳೆಯತನವನ್ನೂ ಅಳೆಯುವ ಕೆಲಸ ಇಲ್ಲ, ಹಸು ಎಣಿಸಿದರೆ ಸಾಕು. ನಿಮ್ಮ ತೋಟಕ್ಕೂ ಅಂಥದ್ದೇ ಬೇಕು: ‘ಒಂದು ಪಾತಿಗೆ ಒಂದು ಬೆಳೆಗೆ ಎರಡು ಚೀಲ, ಹೊರಗೆ ಒಯ್ಯುವಂತಿಲ್ಲ’. ಶೆಡ್ಡಿನ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿ, ಪೆನ್ನನ್ನೂ ದಾರದಲ್ಲಿ ಕಟ್ಟಿ (ಮೊದಲು ಕಾಣೆಯಾಗುವುದು ಅದೇ). ದಿನಾಂಕ, ಹೆಸರು, ಎಷ್ಟು ತೆಗೆದುಕೊಂಡರು, ಇಷ್ಟು ಸಾಕು. ಮೊದಲ ಹೆಸರು ನಿಮ್ಮದೇ ಇರಲಿ. ಇದನ್ನು ಸಭೆಯಲ್ಲಿ ಹೇಳುವಾಗ ‘ಯಾರೋ ಒಯ್ಯುತ್ತಿದ್ದಾರೆ’ ಅಂತ ಸೇರಿಸಬೇಡಿ, ‘ಮುಂದಿನ ಸಲ ಎಷ್ಟು ತರಬೇಕು ಅಂತ ಗೊತ್ತಾಗುತ್ತಿಲ್ಲ’ ಅನ್ನಿ. ಅದೂ ನಿಜವೇ ತಾನೇ.

ಇನ್ನು ಅವರ ಜೊತೆ ಮಾತು. ಒಬ್ಬರೇ ಇರುವಾಗ ಹೋಗಿ, ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡೇ ಮಾತಾಡಿ. ಎದುರುಬದುರು ಕೂರಿಸಿದರೆ ವಿಚಾರಣೆ ಆಗಿಬಿಡುತ್ತದೆ. ನೋಡಿದ್ದನ್ನಷ್ಟೇ ಹೇಳಿ: ‘ಮೊನ್ನೆ ನೀವು ಒಂದು ಚೀಲ ಗಾಡಿಗೆ ಹಾಕಿಕೊಂಡಿದ್ದು ನೋಡಿದೆ. ಶೆಡ್ಡಿಂದಾ, ನಿಮ್ಮದೇನಾ ಗೊತ್ತಾಗಲಿಲ್ಲ. ಮನಸ್ಸಲ್ಲಿಟ್ಟುಕೊಳ್ಳೋದು ಬೇಡ, ಕೇಳಿಬಿಡೋಣ ಅಂತ ಬಂದೆ.’ ಅಷ್ಟು ಹೇಳಿ ನಿಲ್ಲಿಸಿ. ‘ಎಲ್ಲರೂ ಮಾತಾಡ್ಕೋತಿದ್ದಾರೆ’ ಅನ್ನುವ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಆ ಒಂದು ಮಾತಿನಿಂದ ಅವರಿಗೆ ಇಪ್ಪತ್ತು ಜನ ಶತ್ರುಗಳಾಗುತ್ತಾರೆ. ‘ಯಾರೋ ಗೊಬ್ಬರ ಕದೀತಿದ್ದಾರೆ, ನಿಮಗೇನಾದ್ರೂ ಗೊತ್ತಾ?’ ಅಂತ ಸುತ್ತಿ ಬಳಸಿ ಕೇಳುವುದೂ ಬೇಡ. ಅದು ಆರೋಪ ಅಂತ ಅವರಿಗೆ ತಕ್ಷಣ ತಿಳಿಯುತ್ತದೆ, ನೀವು ಮಾತ್ರ ಅಲ್ಲ ಅಂತ ನಟಿಸಬೇಕಾಗುತ್ತದೆ.

ಅವರು ‘ನನ್ನದೇ ಚೀಲ’ ಅಂದರೆ ನಂಬಿ, ಕೇಳಿಸಿಕೊಂಡದ್ದಕ್ಕೆ ಥ್ಯಾಂಕ್ಸ್ ಹೇಳಿ, ಅಲ್ಲಿಗೆ ಬಿಡಿ. ಬಿಲ್ಲು ತೋರಿಸಿ ಅನ್ನಬೇಡಿ. ‘ಹೌದು, ಒಯ್ದೆ, ಏನೀಗ?’ ಅಂದರೂ ದನಿ ಏರಿಸಬೇಡಿ. ಹೊಸ ನಿಯಮ ಹೇಳಿ, ಒಯ್ದಷ್ಟನ್ನು ತಂದಿಡಿ ಅಂತ ಕೇಳಿ. ಸಿಟ್ಟಾದರೆ ಸಿಟ್ಟಾಗಲಿ. ಸಿಟ್ಟು ತಪ್ಪಿತಸ್ಥರಿಗೂ ಬರುತ್ತದೆ, ಏನೂ ಮಾಡದವರಿಗೂ ಬರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಗುಟ್ಟಾಗಿ ಕ್ಯಾಮೆರಾ ಇಡುವುದು, ಗುರುತು ಹಾಕಿದ ಚೀಲ ಇಟ್ಟು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಬಲೆ ಬೀಸಿದ್ದು ಒಂದು ದಿನ ಹೊರಬಿದ್ದೇ ಬೀಳುತ್ತದೆ, ಆಮೇಲೆ ಉಳಿದವರೂ ನಿಮ್ಮ ಮುಂದೆ ಸಲೀಸಾಗಿ ಇರಲಾರರು. ಕ್ಯಾಮೆರಾ ಬೇಕೇ ಬೇಕಾದರೆ ಎಲ್ಲರೂ ಒಪ್ಪಿ, ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಅದಕ್ಕಿಂತ ಶೆಡ್ಡಿಗೆ ನಂಬರ್ ಬೀಗ ಹಾಕಿ, ಹಳೆಯ ಸದಸ್ಯರು ಬಿಟ್ಟುಹೋದಾಗಲೆಲ್ಲ ನಂಬರ್ ಬದಲಾಯಿಸುವುದು ಹೆಚ್ಚು ಉಪಯೋಗ. ಎಷ್ಟೋ ತೋಟಗಳಲ್ಲಿ ಬಿಟ್ಟುಹೋದವರ ಬಳಿಯೂ ಬೀಗದಕೈ ಉಳಿದಿರುತ್ತದೆ.

ನೋಟ್‌ಬುಕ್ ಬಂದು, ಮಾತೂ ಆಗಿ, ಆಮೇಲೂ ಚೀಲಗಳು ಹೋಗುತ್ತಿದ್ದರೆ ಮಾತ್ರ ತೋಟ ನಡೆಸುವ ಸಮಿತಿಗೆ ಹೇಳಿ. ಅಲ್ಲೂ ದಿನಾಂಕ ಮತ್ತು ಲೆಕ್ಕವನ್ನೇ ಕೊಡಿ, ಸ್ವಭಾವದ ವರ್ಣನೆ ಬೇಡ. ಮೊದಲು ಒಂದು ಎಚ್ಚರಿಕೆ, ಆಮೇಲೆ ಕೆಲ ತಿಂಗಳು ಶೆಡ್ಡಿನ ನಂಬರ್ ಕೊಡದಿರುವುದು, ಪಾತಿ ವಾಪಸ್ ಪಡೆಯುವುದು ಎಲ್ಲಕ್ಕೂ ಕೊನೆಯಲ್ಲಿ. ಪೊಲೀಸ್ ದೂರು ಎರಡು ಚೀಲ ಗೊಬ್ಬರಕ್ಕಲ್ಲ. ಬೀಗ ಒಡೆದು ಪಂಪು, ಮೋಟರು ಹೋದಾಗ ಅದು ಬೇಕು.

ಗ್ರೂಪಿನ ವಿಷಯ ಯಾಕೆ ಮೊದಲೇ ಬೇಡ ಅಂದೆ ಅಂದರೆ, ಬರೆದದ್ದು ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಸಾಬೀತಾಗದ ಕಳ್ಳತನವನ್ನು ಹೆಸರು ಹಾಕಿ ಬರೆದರೆ ಬಹಳಷ್ಟು ದೇಶಗಳಲ್ಲಿ ಅದು ಮಾನಹಾನಿ ಆಗಬಹುದು. ಆಮೇಲೆ ಕತ್ತರಿ ಕಾಂಪೋಸ್ಟಿನಲ್ಲಿ ಸಿಕ್ಕರೂ ಆ ಮೆಸೇಜು ಇಪ್ಪತ್ತು ಫೋನುಗಳಲ್ಲಿ ಇರುತ್ತದೆ. ಈಗಾಗಲೇ ಒಬ್ಬಿಬ್ಬರ ಹತ್ತಿರ ನಿಮ್ಮ ಅನುಮಾನ ಹೇಳಿಕೊಂಡಿದ್ದರೆ, ಲೆಕ್ಕ ಸರಿಹೋದ ದಿನ ಅವರ ಹತ್ತಿರವೇ ಹೋಗಿ ‘ನಾನಂದದ್ದು ತಪ್ಪಾಯ್ತು, ಅವರು ಒಯ್ದಿರಲಿಲ್ಲ’ ಅಂತ ಹೆಸರು ಹೇಳಿಯೇ ತಿಳಿಸಿ.