ಫ್ರೆಂಚ್ ಪ್ರೆಸ್ ಕಾಫಿ: ಒತ್ತುವ ಅವಸರವೇಕೆ?

ಕಾಫಿಯ ರುಚಿ ಪರೀಕ್ಷಿಸುವುದು, ಕಾಫಿ ಮಾಡಲು ಕಲಿಸುವುದು ನನ್ನ ಉದ್ಯೋಗ. ಪುಡಿಯನ್ನೂ ಬಿಸಿನೀರನ್ನೂ ಒಟ್ಟಿಗೆ ನೆನೆಯಲು ಬಿಟ್ಟು, ಹಿಡಿಕೆಯ ತುದಿಯ ಜಾಲರಿಯಿಂದ ಪುಡಿಯನ್ನು ತಡೆದು ಕಾಫಿ ಬಗ್ಗಿಸಿಕೊಳ್ಳುವ ಪಾತ್ರೆಯೇ ಫ್ರೆಂಚ್ ಪ್ರೆಸ್. ಅದನ್ನು ಕೊಂಡವರು ನನ್ನ ಮುಂದಿಡುವ ದೂರುಗಳು ಹೆಚ್ಚುಕಡಿಮೆ ಎರಡೇ. ಕಪ್ಪಿನ ತಳದಲ್ಲಿ ಗಸಿ ನಿಲ್ಲುತ್ತದೆ, ಕೊನೆಯ ಗುಟುಕಿಗೆ ಬಾಯಿತುಂಬ ತರಿ ಎಂಬುದು ಮೊದಲನೆಯದು. ಇವತ್ತು ಕಹಿ, ನಾಳೆ ಸಪ್ಪೆ, ಒಂದು ದಿನದ ಕಾಫಿ ಇನ್ನೊಂದು ದಿನಕ್ಕಿಲ್ಲ ಎಂಬುದು ಎರಡನೆಯದು. ದೂರಿನ ಬೆನ್ನಿಗೇ ಬರುವ ಪ್ರಶ್ನೆ ಮಾತ್ರ ಯಾವಾಗಲೂ ಪ್ಲಂಜರಿನ, ಅಂದರೆ ಆ ಜಾಲರಿಯ ಹಿಡಿಕೆಯ, ಬಗ್ಗೆಯೇ ಇರುತ್ತದೆ. ಎಷ್ಟು ಬಲವಾಗಿ ಒತ್ತಬೇಕು? ಎಷ್ಟು ನಿಧಾನವಾಗಿ? ತಳ ಮುಟ್ಟುವವರೆಗೂ ಒತ್ತಬೇಕೇ? ಒತ್ತುವುದರಿಂದ ಕಾಫಿ ಆಗುವುದಿಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಪ್ಲಂಜರ್ ಕೆಳಗಿಳಿಯುವ ಹೊತ್ತಿಗೆ ಪುಡಿಯಲ್ಲಿದ್ದ ಸಾರ ಬಹುಪಾಲು ನೀರಿಗೆ ಬಂದಾಗಿರುತ್ತದೆ. ಪ್ಲಂಜರ್ ಒಂದು ಜರಡಿ, ಅಷ್ಟೇ. ಕಾಫಿ ಕೆಡಿಸುವ ಶಕ್ತಿ ಅದಕ್ಕಿದೆ, ಕೆಟ್ಟ ಕಾಫಿಯನ್ನು ಸರಿಪಡಿಸುವ ಶಕ್ತಿ ಇಲ್ಲ.

ಈ ಜರಡಿಯ ಕಲ್ಪನೆ ಸಾಕಷ್ಟು ಹಳೆಯದು. 1852ರಲ್ಲೇ ಫ್ರಾನ್ಸಿನಲ್ಲಿ ಮೇಯರ್ ಮತ್ತು ಡೆಲ್‌ಫೋರ್ಜ್ ಎಂಬಿಬ್ಬರು ಇಂಥದೊಂದು ಸಾಧನಕ್ಕೆ ಪೇಟೆಂಟ್ ಪಡೆದಿದ್ದರು. 1929ರಲ್ಲಿ ಇಟಲಿಯ ಅಟ್ಟಿಲಿಯೊ ಕಾಲಿಮಾನಿ ಮತ್ತು ಜೂಲಿಯೊ ಮೊನೆಟಾ, 1958ರಲ್ಲಿ ಫಾಲಿಯೆರೊ ಬಾಂಡಾನಿನಿ ತಮ್ಮ ತಮ್ಮ ವಿನ್ಯಾಸಗಳಿಗೆ ಪೇಟೆಂಟ್ ಮಾಡಿಸಿದರು. ಇಂದು ಅಡುಗೆಮನೆಗಳಲ್ಲಿ ಕಾಣುವ ಪ್ರೆಸ್ ಹೆಚ್ಚಾಗಿ ಈ ವಿನ್ಯಾಸಗಳ ಬಳುವಳಿ. ಜಾಲರಿ, ಸ್ಪ್ರಿಂಗ್, ಹಿಡಿಕೆ ಎಲ್ಲ ಸುಧಾರಿಸುತ್ತ ಬಂದವು. ಬದಲಾಗದೆ ಉಳಿದದ್ದು ಒಂದೇ: ಪುಡಿಯೂ ನೀರೂ ಒಂದೇ ಪಾತ್ರೆಯಲ್ಲಿ ಕೊನೆಯವರೆಗೂ ಜೊತೆಯಲ್ಲಿರುತ್ತವೆ.

ಪ್ರೆಸ್‌ನ ಗುಣವೆಲ್ಲ ಇರುವುದು ಅಲ್ಲಿಯೇ. ಪುಡಿಯ ಮೂಲಕ ನೀರು ಹಾದುಹೋಗುವ ವಿಧಾನಗಳಲ್ಲಿ ಹೊಸ ನೀರು ಬರುತ್ತಲೇ ಇರುತ್ತದೆ, ಪುಡಿಯಿಂದ ಕೊನೆಯವರೆಗೂ ಎಳೆಯುತ್ತಲೇ ಇರುತ್ತದೆ. ಪ್ರೆಸ್‌ನಲ್ಲಿ ಮೊದಲು ಸುರಿದ ನೀರೇ ಕೊನೆಯ ನೀರು. ಸಾರ ಸೇರಿದಷ್ಟೂ ಅದರ ಎಳೆಯುವ ಶಕ್ತಿ ಕುಗ್ಗುತ್ತದೆ. ಜೊತೆಗೆ ನೀರು ಆರುತ್ತಲೂ ಇರುತ್ತದೆ. ಹಾಗಾಗಿ ಮೊದಲ ಒಂದೆರಡು ನಿಮಿಷಗಳಲ್ಲಿ ಭರದಿಂದ ನಡೆಯುವ ಕೆಲಸ ಆಮೇಲೆ ಮಂದವಾಗುತ್ತದೆ. ನಾಲ್ಕು ನಿಮಿಷ ದಾಟಿದರೆ ಕಾಫಿ ಹಾಳು ಎಂದು ಗಡಿಯಾರ ಹಿಡಿದು ಕೂರುವವರನ್ನು ಕಂಡರೆ ನನಗೆ ಪಾಪ ಎನಿಸುತ್ತದೆ. ಐದಾದರೂ ಏನೂ ಆಗುವುದಿಲ್ಲ, ಎಂಟಾದರೂ ಆಗುವುದಿಲ್ಲ. ಸಮಯದ ವಿಷಯದಲ್ಲಿ ಇದರಷ್ಟು ಕ್ಷಮಾಗುಣವುಳ್ಳ ಸಾಧನ ಇನ್ನೊಂದಿಲ್ಲ.

ಹುರಿದ ಕಾಫಿ ಬೀಜದಲ್ಲಿ ನೀರಿನಲ್ಲಿ ಕರಗಬಲ್ಲ ಭಾಗ ಸುಮಾರು ಶೇ. 30 ಮಾತ್ರ, ಉಳಿದದ್ದು ಹೆಚ್ಚಾಗಿ ನಾರು. ಆ ಮೂವತ್ತನ್ನೂ ಹಿಂಡಿ ತೆಗೆಯುವುದು ಜಾಣತನವಲ್ಲ. ಪುಡಿಯ ತೂಕದ ಶೇ. 18ರಿಂದ 22ರಷ್ಟು ನೀರಿಗೆ ಬಂದಾಗ ರುಚಿ ಹದವಾಗಿರುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಒಪ್ಪಿಕೊಂಡ ಅಳತೆ. ಹುಳಿ ಬೇಗ ಕರಗುತ್ತದೆ, ಸಿಹಿ ಅದರ ಹಿಂದೆ ಬರುತ್ತದೆ, ಒಣ ಕಹಿ ಮತ್ತು ಒಗರು ತಡವಾಗಿ ಬರುತ್ತವೆ. ಕಾಫಿ ಹುಳಿಹುಳಿಯಾಗಿ ತೆಳ್ಳಗಿದ್ದರೆ ಸಾರ ಸಾಲದು, ನಾಲಗೆ ಒಣಗುವಂತೆ ಕಹಿಯಾಗಿದ್ದರೆ ಅತಿಯಾಯಿತು ಎಂದು ತಿಳಿಯಬಹುದು. ಒಂದೇ ಕಪ್ಪಿನಲ್ಲಿ ಎರಡೂ ಇದ್ದರೆ? ತಪ್ಪು ಪುಡಿಯಲ್ಲಿದೆ.

ಪುಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪ್ರೆಸ್‌ಗೆ ದಪ್ಪ ಪುಡಿಯೇ ಬೇಕು ಎಂದು ಡಬ್ಬಿಯ ಮೇಲೆಲ್ಲ ಬರೆದಿರುತ್ತದೆ. ದಪ್ಪ ಕೇಳುವುದು ಜಾಲರಿಯ ಸಲುವಾಗಿ; ರುಚಿಯ ಸಲುವಾಗಿ ಅಲ್ಲ. ತೀರಾ ದಪ್ಪಗೆ ಬೀಸಿದರೆ ಪ್ರತಿ ಚೂರಿನ ನಡುಭಾಗಕ್ಕೆ ನೀರು ತಲುಪುವುದೇ ತಡ. ಕಾಫಿ ತೆಳ್ಳಗಾಗುತ್ತದೆ, ಅದನ್ನು ಸರಿದೂಗಿಸಲು ಜನ ಇನ್ನೊಂದು ಚಮಚ ಪುಡಿ ಹಾಕುತ್ತಾರೆ, ಒಳ್ಳೆಯ ಬೀಜ ಅರ್ಧ ರುಚಿ ಬಿಡದೆಯೇ ಕಸಕ್ಕೆ ಹೋಗುತ್ತದೆ. ಸಕ್ಕರೆಯ ಹರಳಿಗಿಂತ ತುಸು ಸಣ್ಣ ಎಂಬುದು ನನ್ನ ಅಳತೆ. ಪ್ಲಂಜರನ್ನು ಬಲವಾಗಿ ಒತ್ತುವ ಅಭ್ಯಾಸ ಬಿಟ್ಟರೆ ಈ ಪುಡಿಯಿಂದ ಜಾಲರಿಗೆ ತೊಂದರೆಯಿಲ್ಲ.

ಗಾತ್ರಕ್ಕಿಂತ ಮುಖ್ಯವಾದದ್ದು ಸಮನಾಗಿರುವುದು. ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಸಿಕ್ಕಸಿಕ್ಕಂತೆ ಕತ್ತರಿಸುತ್ತದೆ. ಹೊರಬರುವ ಪುಡಿಯಲ್ಲಿ ಒಂದು ಪಾಲು ಹಿಟ್ಟು, ಒಂದು ಪಾಲು ನುಚ್ಚು. ಹಿಟ್ಟು ಕ್ಷಣದಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟು ಕಹಿಯಾಗುತ್ತದೆ, ನುಚ್ಚು ಹುಳಿಯ ಹಂತದಲ್ಲೇ ನಿಂತಿರುತ್ತದೆ. ಜಾಲರಿಯ ಕಣ್ಣುಗಳಲ್ಲಿ ನುಸುಳಿ ಕಪ್ಪಿನ ತಳ ಸೇರುವುದೂ ಅದೇ ಹಿಟ್ಟು. ಹೀಗೆ ಮೊದಲ ದೂರಿನ ಬೇರೂ ಎರಡನೆಯ ದೂರಿನ ಬೇರೂ ಒಂದೇ ಕಡೆ ಸಿಗುತ್ತವೆ. ಹಲ್ಲುಚಕ್ರಗಳ ನಡುವೆ ಬೀಜ ಬೀಸುವ ಬರ್ ಗ್ರೈಂಡರ್, ಕೈಯಲ್ಲಿ ತಿರುಗಿಸುವಂಥದ್ದೇ ಆಗಲಿ, ಈ ಗೋಳನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ದುಬಾರಿ ಪ್ರೆಸ್ ಕೊಳ್ಳಲು ಹೊರಟವರಿಗೆ ನಾನು ಹೇಳುವುದು: ಅಗ್ಗದ ಪ್ರೆಸ್ ಕೊಂಡು ಉಳಿದ ಹಣವನ್ನು ಗ್ರೈಂಡರಿಗೆ ಹಾಕಿ. ಮಿಕ್ಸಿಯೇ ಗತಿ ಎನ್ನುವವರು ಒಂದೇ ಸಮನೆ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ, ನಡುನಡುವೆ ಜಾರನ್ನು ಅಲುಗಾಡಿಸಿ, ಕೊನೆಯಲ್ಲಿ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಟ್ಟನ್ನು ಜಾಡಿಸಿಬಿಡಿ. ಆ ಹಿಟ್ಟಿನ ಮೇಲೆ ಮಮಕಾರ ಬೇಡ. ಅಂಗಡಿಯಲ್ಲೇ ಪುಡಿ ಮಾಡಿಸುವವರು ಪ್ರೆಸ್‌ಗೆ ಎಂದು ಮೊದಲೇ ಹೇಳಿ. ಎಸ್ಪ್ರೆಸೊ ಯಂತ್ರಕ್ಕೆಂದು ನುಣ್ಣಗೆ ಬೀಸಿದ ಪುಡಿ ಇಲ್ಲಿ ನಡೆಯುವುದಿಲ್ಲ.

ಇನ್ನು ಅಳತೆ. ಒಂದು ಲೀಟರ್ ನೀರಿಗೆ 60 ಗ್ರಾಂ ಪುಡಿ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ: ಅರ್ಧ ಲೀಟರಿಗೆ 30, ಮುನ್ನೂರು ಮಿಲಿಲೀಟರಿಗೆ 18. ಹಾಲು ಬೆರೆಸಿ ಕುಡಿಯುವವರು ಲೀಟರಿಗೆ 75 ಗ್ರಾಂವರೆಗೂ ಹೋಗಬಹುದು. ಚಮಚವನ್ನು ನಂಬಬೇಡಿ. ಬೀಜವನ್ನು ಕಪ್ಪಗೆ ಹುರಿದಷ್ಟೂ ಅದು ಉಬ್ಬಿ ಹಗುರವಾಗುತ್ತದೆ. ಒಂದೇ ಚಮಚದಲ್ಲಿ ತಿಳಿ ಹುರಿತದ ಪುಡಿ ಹೆಚ್ಚು ತೂಗುತ್ತದೆ, ಕಡು ಹುರಿತದ್ದು ಕಡಿಮೆ ತೂಗುತ್ತದೆ. ಇವತ್ತು ಕಹಿ ನಾಳೆ ಸಪ್ಪೆ ಎನ್ನುವವರ ಮನೆಯಲ್ಲಿ ಅಡುಗೆಯ ಪುಟ್ಟ ಡಿಜಿಟಲ್ ತಕ್ಕಡಿ ಬಂದರೆ ದೂರಿನ ಅರ್ಧ ಭಾಗ ಅಲ್ಲೇ ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ ಕಪ್‌ಗಳ ಲೆಕ್ಕವನ್ನೂ ನಂಬಬೇಡಿ. ಎಂಟು ಕಪ್ಪಿನದು ಎಂದು ಮಾರುವ ಪ್ರೆಸ್ ಒಂದು ಲೀಟರಿನದು, ಮೂರು ಕಪ್ಪಿನದು 350 ಮಿಲಿಲೀಟರಿನದು. ಆ ಮೂರು ಕಪ್ಪಿನದು ಒಬ್ಬರಿಗೆ ಸರಿಹೋಗುತ್ತದೆ, ಇಬ್ಬರಾದರೆ ಜಗಳಕ್ಕೆ ದಾರಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಟ್ಟುಕೊಳ್ಳುತ್ತದೆ ಎಂಬುದೂ ನೆನಪಿರಲಿ. ಅರ್ಧ ಲೀಟರ್ ಸುರಿದರೆ ಕೈಗೆ ಬರುವುದು 440 ಮಿಲಿಲೀಟರಿನ ಆಸುಪಾಸು.

ನೀರಿನ ಬಿಸಿ 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಲಿ ಎನ್ನುತ್ತಾರೆ. ಥರ್ಮಾಮೀಟರ್ ಇಲ್ಲದವರು ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿದರೆ ಸಾಕು. ತಿಳಿ ಹುರಿತದ ಬೀಜಕ್ಕೆ ಆ ಅರ್ಧ ನಿಮಿಷವೂ ಬೇಡ. ಕಡು ಹುರಿತದ್ದಾದರೆ ಇನ್ನಷ್ಟು ಆರಿದರೂ ಒಳ್ಳೆಯದೇ, ಕಹಿ ತಗ್ಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಎತ್ತರದ ಊರುಗಳಲ್ಲಿರುವವರು ಕಾಯುವ ಅಗತ್ಯವೇ ಇಲ್ಲ. ಜನ ಮರೆಯುವುದು ಪಾತ್ರೆಯ ಬಿಸಿಯನ್ನು. ತಣ್ಣನೆಯ ಗಾಜು ಮೊದಲ ನಿಮಿಷದಲ್ಲೇ ನೀರಿನ ಬಿಸಿ ಹೀರಿಕೊಳ್ಳುತ್ತದೆ. ಮೊದಲು ಪಾತ್ರೆಯಲ್ಲಿ ಬಿಸಿನೀರು ಆಡಿಸಿ ಚೆಲ್ಲಿ. ನೀರಿನ ಗುಣದ ಬಗ್ಗೆ ಒಂದೇ ಮಾತು: ಅತಿ ಗಡಸು ನೀರಿನಲ್ಲಿ ಹುಳಿಯ ಲವಲವಿಕೆ ಸತ್ತುಹೋಗುತ್ತದೆ, ಲವಣಗಳನ್ನೆಲ್ಲ ಕಳೆದ ನೀರಿನಲ್ಲಿ ಕಾಫಿ ಟೊಳ್ಳಾಗುತ್ತದೆ. ನಡುವಿನದು ಬೇಕು.

ಈಗ ಮಾಡುವ ಕ್ರಮ. ಪುಡಿ ಹಾಕಿ, ಎಲ್ಲ ಪುಡಿಯೂ ನೆನೆಯುವಂತೆ ನೀರನ್ನು ಒಮ್ಮೆಲೇ ಸುರಿಯಿರಿ. ಪುಡಿ ಉಬ್ಬಿ ಮೇಲೆ ದಪ್ಪ ಪದರ ಕಟ್ಟುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬರುತ್ತ ಪುಡಿಯನ್ನು ತೇಲಿಸುವುದರಿಂದ ಹೀಗಾಗುತ್ತದೆ. ಪದರವೇ ಏಳಲಿಲ್ಲವೆಂದರೆ ಪುಡಿ ಹಳತಾಗಿದೆ. ಅಂಗಡಿಯವರು ಏನೇ ಹೇಳಲಿ, ಈ ಸಾಕ್ಷಿಯನ್ನು ನಂಬಬಹುದು. ನಾಲ್ಕು ನಿಮಿಷ ಹಾಗೇ ಬಿಡಿ. ಆಮೇಲೆ ಚಮಚದಿಂದ ಆ ಪದರವನ್ನು ಮೆಲ್ಲಗೆ ಒಡೆಯಿರಿ. ಬಹುಪಾಲು ಪುಡಿ ತಾನಾಗಿಯೇ ಮುಳುಗುತ್ತದೆ. ಮೇಲೆ ಉಳಿಯುವ ನೊರೆಯನ್ನೂ ತೇಲುವ ಚೂರುಗಳನ್ನೂ ಎರಡು ಚಮಚಗಳಲ್ಲಿ ತೆಗೆದುಹಾಕಿ. ಮತ್ತೆ ಐದು ನಿಮಿಷ ಕಾಯಿರಿ.

ಎಲ್ಲರೂ ತಕರಾರು ತೆಗೆಯುವುದು ಈ ಐದು ನಿಮಿಷಕ್ಕೆ. ಅಷ್ಟರಲ್ಲಿ ಕಾಫಿ ಆರಿಹೋಗುವುದಿಲ್ಲವೇ? ಬಿಸಿ ಮಾಡಿಟ್ಟ ಪಾತ್ರೆಯಲ್ಲಿ ಆರುವುದಿಲ್ಲ, ಆಗಲೂ ಅದು ಒಂದೇ ಗುಟುಕಿಗೆ ಕುಡಿಯಲಾಗದಷ್ಟು ಬಿಸಿ ಇರುತ್ತದೆ. ಆ ಹೊತ್ತಿನಲ್ಲಿ ಹಿಟ್ಟಿನಂಥ ಕಣಗಳು ಒಂದೊಂದಾಗಿ ತಳಕ್ಕೆ ಇಳಿಯುತ್ತವೆ. ಜಾಲರಿ ಹಿಡಿಯಲಾಗದ್ದನ್ನು ಭೂಮಿಯ ಸೆಳೆತ ಹಿಡಿದುಕೊಡುತ್ತದೆ. ರುಚಿ ಪರೀಕ್ಷಕರಾದ ನಾವು ನಿತ್ಯ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬಟ್ಟಲಲ್ಲಿ ಪುಡಿ ಹಾಕಿ, ಬಿಸಿನೀರು ಸುರಿದು, ನಾಲ್ಕು ನಿಮಿಷಕ್ಕೆ ಪದರ ಒಡೆದು, ನೊರೆ ತೆಗೆದು, ಆರುವವರೆಗೆ ಕಾದು ಚಮಚದಲ್ಲಿ ಸವಿಯುತ್ತೇವೆ. ಅಲ್ಲಿ ಜರಡಿಯೇ ಇಲ್ಲ, ಆದರೂ ಬಾಯಿಗೆ ತರಿ ಸಿಗುವುದಿಲ್ಲ. 2007ರ ವಿಶ್ವ ಬರಿಸ್ತಾ (ಕಾಫಿ ತಯಾರಕರ) ಚಾಂಪಿಯನ್ ಜೇಮ್ಸ್ ಹಾಫ್‌ಮನ್ ಪ್ರೆಸ್‌ಗೆ ಈ ಕ್ರಮವನ್ನು ಜನಪ್ರಿಯಗೊಳಿಸಿದವರು. ಪ್ಲಂಜರನ್ನು ಮುಚ್ಚಳದಂತೆ ಇಟ್ಟು, ಜಾಲರಿ ಕಾಫಿಯ ಮೇಲ್ಮೈ ಮುಟ್ಟುವಷ್ಟೇ ಇಳಿಸಿ, ನಿಧಾನವಾಗಿ ಬಗ್ಗಿಸಿ ಕಪ್ಪಿಗೆ ಸುರಿಯಿರಿ. ತಳದ ಕೊನೆಯ ಎರಡು ಗುಟುಕಿನಷ್ಟನ್ನು ಪಾತ್ರೆಯಲ್ಲೇ ಬಿಡಿ. ಅದಕ್ಕೆ ಆಸೆಪಟ್ಟರೆ ಕಾದದ್ದೆಲ್ಲ ವ್ಯರ್ಥ.

ತಳದವರೆಗೂ ಒತ್ತಿದರೆ ಏನಾಗುತ್ತದೆ? ನಿಂತಿದ್ದ ಪುಡಿ ಮತ್ತೆ ಕದಡುತ್ತದೆ, ಸಂದುಗಳಲ್ಲಿ ಹಿಟ್ಟು ಮೇಲೇಳುತ್ತದೆ, ಇಷ್ಟು ಹೊತ್ತು ತಿಳಿಯಾಗಿದ್ದ ಕಾಫಿ ಮಬ್ಬಾಗುತ್ತದೆ. ಬೆಳಗಿನ ಅವಸರದಲ್ಲಿ ಒತ್ತಲೇಬೇಕೆಂದಿದ್ದರೆ ಹದಿನೈದು ಇಪ್ಪತ್ತು ಸೆಕೆಂಡು ತೆಗೆದುಕೊಂಡು ಇಳಿಸಿ, ಪುಡಿಯ ಹಾಸು ಮುಟ್ಟುವ ಮೊದಲೇ ನಿಲ್ಲಿಸಿ. ನಡುವೆ ಪ್ಲಂಜರ್ ಸಿಕ್ಕಿಕೊಂಡರೆ ಮೈಭಾರ ಹಾಕಬೇಡಿ. ಪುಡಿ ಸಣ್ಣದಾಗಿ ಜಾಲರಿ ಕಟ್ಟಿಕೊಂಡಿದೆ ಎಂದು ಅರ್ಥ. ಆಗ ಬಲ ಹಾಕಿದರೆ ಕುದಿಬಿಸಿ ಕಾಫಿ ಅಂಚಿನಿಂದ ಚಿಮ್ಮುತ್ತದೆ, ಗಾಜು ಒಡೆಯುವುದೂ ಉಂಟು. ಅರ್ಧ ಅಂಗುಲ ಮೇಲೆತ್ತಿ, ಜಾಲರಿ ಬಿಡಿಸಿಕೊಂಡ ಮೇಲೆ ಮತ್ತೆ ಇಳಿಸಿ. ಮಕ್ಕಳು ಓಡಾಡುವ ಕಡೆ ಈ ಕೆಲಸ ಬೇಡ.

ರುಚಿ ಹೊಂದಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹುಳಿಯಾಗಿ ತೆಳ್ಳಗಿದ್ದರೆ ಪುಡಿಯನ್ನು ಒಂದು ಹಂತ ಸಣ್ಣಗೆ ಬೀಸಿ, ಕಹಿಯಾಗಿದ್ದರೆ ಒಂದು ಹಂತ ದಪ್ಪಗೆ. ತೂಕ, ನೀರು, ಸಮಯ ಮೂರನ್ನೂ ಹಾಗೇ ಇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಇನ್ನೊಂದು ವಿಷಯ: ಎರಡನೆಯ ಕಪ್ಪಿಗೆಂದು ಪ್ರೆಸ್‌ನಲ್ಲೇ ಕಾಫಿ ಬಿಟ್ಟು ಹೋಗಬೇಡಿ. ಸಮಯದಲ್ಲಿ ಕ್ಷಮಾಗುಣವಿದೆ ಎಂದೆನಷ್ಟೆ, ಅದು ಅರ್ಧ ಗಂಟೆಗೆ ಅನ್ವಯಿಸುವುದಿಲ್ಲ. ಉಳಿದದ್ದನ್ನು ಫ್ಲಾಸ್ಕಿಗೆ ಬಸಿದಿಡಿ.

ಆರೋಗ್ಯದ ಮಾತೊಂದನ್ನು ಹೇಳದೆ ಬಿಡುವಂತಿಲ್ಲ. ಲೋಹದ ಜಾಲರಿ ಕಾಫಿಯ ಎಣ್ಣೆಯನ್ನು ತಡೆಯುವುದಿಲ್ಲ. ಬಾಯಿಗೆ ದಪ್ಪ, ನುಣುಪು ಅನಿಸುವುದು ಆ ಎಣ್ಣೆಯಿಂದ ಮತ್ತು ತೇಲಾಡುವ ಸೂಕ್ಷ್ಮ ಕಣಗಳಿಂದ. ಅದೇ ಎಣ್ಣೆಯಲ್ಲಿ ಕೆಫೆಸ್ಟಾಲ್, ಕಾವಿಯಾಲ್ ಎಂಬ ಪದಾರ್ಥಗಳಿವೆ. ಅವು ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತವೆ. ಕಾಗದದ ಫಿಲ್ಟರ್ ಅವನ್ನು ಬಹುಪಾಲು ಹಿಡಿದುಕೊಳ್ಳುತ್ತದೆ, ಜಾಲರಿ ಬಿಟ್ಟುಬಿಡುತ್ತದೆ. ಎಂದಾದರೊಮ್ಮೆ ಕುಡಿಯುವವರು ಚಿಂತಿಸಬೇಕಿಲ್ಲ. ದಿನಕ್ಕೆ ನಾಲ್ಕೈದು ಕಪ್ ಕುಡಿಯುವ, ಈಗಾಗಲೇ ಕೊಲೆಸ್ಟ್ರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳಲಿ, ಅಥವಾ ಪ್ರೆಸ್‌ನ ಕಾಫಿಯನ್ನು ಕಾಗದದ ಫಿಲ್ಟರಿನಲ್ಲಿ ಇನ್ನೊಮ್ಮೆ ಸೋಸಿಕೊಳ್ಳಲಿ. ಆ ದಪ್ಪ ಹೋಗುತ್ತದೆ, ನಿಜ.

ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಇಷ್ಟೆಲ್ಲ ಮಾಡಿಯೂ ಕಾಫಿಗೆ ಕಮಟು ವಾಸನೆ ಬರುತ್ತದೆ. ಚರಟವನ್ನು ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟುತ್ತದೆ. ಸ್ವಲ್ಪ ನೀರು ಹಾಕಿ ಕಲಕಿ ಸಣ್ಣ ಜರಡಿಗೆ ಬಗ್ಗಿಸಿ, ನಿಂತದ್ದನ್ನು ಗಿಡಗಳ ಗೊಬ್ಬರದ ಗುಂಡಿಗೆ ಹಾಕಿ. ಪ್ಲಂಜರಿನ ತಟ್ಟೆಗಳನ್ನು ತಿರುಗಿಸಿ ಬಿಡಿಸಬಹುದು ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಬಿಡಿಸಿ ನೋಡಿದರೆ ಜಾಲರಿಗೂ ತಟ್ಟೆಗೂ ನಡುವೆ ಹಳೆಯ ಎಣ್ಣೆ ಅಂಟಿಕೊಂಡಿರುತ್ತದೆ. ವಾರಕ್ಕೊಮ್ಮೆ ಬಿಡಿಸಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿ, ಒಣಗಿಸಿ ಜೋಡಿಸಿ. ಆಗ ಜಾಲರಿಯ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ. ತಂತಿಗಳು ಬಿಚ್ಚಿಕೊಂಡಿದ್ದರೆ ಅಥವಾ ಅಂಚು ಸೊಟ್ಟಗಾಗಿದ್ದರೆ ಗೋಡೆಗೆ ಒತ್ತಿ ಕೂರುವುದಿಲ್ಲ, ಪುಡಿ ಸುತ್ತಲಿನಿಂದ ಮೇಲೆ ಬರುತ್ತದೆ. ಬಿಡಿ ಜಾಲರಿಗಳು ಮಾರಾಟಕ್ಕೆ ಸಿಗುತ್ತವೆ. ಪಾತ್ರೆಯ ಒಳವ್ಯಾಸ ಅಳೆದುಕೊಂಡು ಹೋಗಿ.